ಭಾವನ ಗಾಡಿಯ ಎಂಟು ತೂತು

ನಮ್ಮ ಭಾವ ಸೋರಿಕೆಯ ವಿಷಯದಲ್ಲಿ ದೊಡ್ಡ ತಜ್ಞರು. ಇದನ್ನು ಅವರೇ ಹೇಳಿದ್ದಾರೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಎಲ್ಲಿ ಪೈಪು ಒಡೆದರೂ, ಯಾರ ಮನೆಯ ಮೀಟರಿನ ಬುಡದಲ್ಲಿ ನೀರು ಜಿನುಗಿದರೂ ಆ ದೂರು ಇವರ ಮೇಜಿಗೇ ಬರಬೇಕು. ಬಂದ ದೂರನ್ನು ಎರಡು ಸಲ ಓದುತ್ತಾರೆ, ಕನ್ನಡಕ ತೆಗೆದು ಒರೆಸುತ್ತಾರೆ, ಆಮೇಲೆ ಅದರ ಕೆಳಗೆ 'ಪರಿಶೀಲಿಸಲಾಗಿ, ಸೋರಿಕೆ ಕಂಡುಬಂದಿಲ್ಲ' ಎಂದು ಬರೆಯುತ್ತಾರೆ. ಮೊದಮೊದಲು ಕೈಯಲ್ಲೇ ಬರೆಯುತ್ತಿದ್ದರು. ದೂರು ಹೆಚ್ಚಾಗಿ ಬೆರಳು ನೋಯತೊಡಗಿದ ಮೇಲೆ ಒಂದು ರಬ್ಬರ್ ಮೊಹರು ಮಾಡಿಸಿಕೊಂಡರು. ಅವರು ಸುಳ್ಳು ಬರೆಯುತ್ತಿದ್ದರು ಎಂದು ಯಾರೂ ಹೇಳುವಂತಿಲ್ಲ. ಸೋರಿಕೆ ಅವರಿಗೆ ಕಂಡುಬಂದಿರಲಿಲ್ಲ ಎನ್ನುವುದು ಸತ್ಯ. ಅವರು ಕುರ್ಚಿಯಿಂದ ಎದ್ದಿರಲೇ ಇಲ್ಲ.

ಇಂಥವರು ಒಂದು ದಿನ ಚಕ್ರದ ಮೇಲಿನ ಮನೆಯೊಂದನ್ನು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದರು. ತಂದವರು ಎಂದರೆ ಪಕ್ಕದ ಸೀಟಿನಲ್ಲಿ ಕೂತು ತಂದವರು, ಓಡಿಸಿದ್ದು ನಾನು. ಸಿನಿಮಾ ಕಂಪನಿಯೊಂದು ಮುಚ್ಚಿಹೋದಾಗ ಹರಾಜಿಗೆ ಬಿದ್ದ ಹಳೇ ಗಾಡಿ. ಸಣ್ಣ ಬಸ್ಸಿನಷ್ಟು ಉದ್ದ, ಒಳಗೆ ಎರಡು ಮಂಚ, ಒಂದು ಒಲೆ, ಕೈ ತೊಳೆಯಲು ತೊಟ್ಟಿ, ಎಡಕ್ಕೆ ಎರಡು ಬಲಕ್ಕೆ ಎರಡು ಜಾರುವ ಗಾಜಿನ ಕಿಟಕಿ. ಇದರಲ್ಲಿ ಹತ್ತು ದಿನ ಸಮುದ್ರದ ದಡಕ್ಕೆ ಹೋಗಿ ಇರುವುದು, ಬೆಳಗ್ಗೆ ಕಿಟಕಿ ಸರಿಸಿದರೆ ಅಲೆ ಕಾಣಬೇಕು ಎನ್ನುವುದು ಭಾವನ ಕನಸು. ಅಕ್ಕ ಸಮುದ್ರ ನೋಡಿರಲಿಲ್ಲ. ಆದರೆ ಅಕ್ಕನಿಗೆ ಆ ಕ್ಷಣ ಕಂಡದ್ದು ಸಮುದ್ರವಲ್ಲ, ಕತ್ತಲೆ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಕೋಣೆಗೆ ಬೆಳಕು ಬರುವ ಒಂದೇ ಕಿಟಕಿಗೆ ಗಾಡಿ ಅಡ್ಡ ನಿಂತಿತ್ತು. ಆವತ್ತೇ ಒಂದು ಅಂಗಿಗೆ ಎರಡೂ ಎಡತೋಳು ಹೊಲಿದಳು.

ಮೂರನೇ ದಿನ ಎದುರು ಮನೆಯ ಮೇಷ್ಟ್ರನ್ನು ಭಾವ ಗಾಡಿಯೊಳಗೆ ಚಹಾಕ್ಕೆ ಕರೆದರು. ಮೇಷ್ಟ್ರು ಎಂದರೆ ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿ ಆದದ್ದು ಶಾಲೆಗೆ ಮಾತ್ರ ಗೊತ್ತು, ಅವರಿಗಿನ್ನೂ ಗೊತ್ತಾಗಿಲ್ಲ. ಚಹಾ ಅರ್ಧ ಆಗುವಷ್ಟರಲ್ಲಿ ಮಳೆ ಬಂತು. ಕಿಟಕಿಯ ಅಂಚಿನಿಂದ ಒಂದು ಹನಿ ಹೊರಟು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಮೇಷ್ಟ್ರ ಲೋಟದೊಳಗೇ ಬಿತ್ತು.

"ಸೋರುತ್ತಲ್ರೀ ಗುಮಾಸ್ತರೇ," ಎಂದರು ಮೇಷ್ಟ್ರು.

"ಇಲ್ಲವಲ್ಲ," ಎಂದರು ಭಾವ, ಅಭ್ಯಾಸಬಲದಿಂದ.

ಇನ್ನೊಂದು ಹನಿ ಮೇಷ್ಟ್ರ ಬೋಳುತಲೆಯ ಮೇಲೆ ಬಿತ್ತು. ಮೇಷ್ಟ್ರು ಅದನ್ನು ಬೆರಳಲ್ಲಿ ಮುಟ್ಟಿ ಭಾವನ ಮುಂದೆ ಹಿಡಿದರು. "ಹಾಗಾದ್ರೆ ಇದೇನು, ನನ್ನ ತಲೆಯಿಂದ ಹುಟ್ಟಿದ ಐಡಿಯಾನಾ?"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ತೀರ್ಪು ಕೊಟ್ಟೇಬಿಟ್ಟಳು. "ರೀ, ಬರೋ ಭಾನುವಾರ ಹತ್ತು ಗಂಟೆಗೆ ಈ ಗಾಡಿ ಮೇಲೆ ನೀರು ಬಿಡೋಣ. ಪೂರ್ತಿ ಒಂದು ಗಂಟೆ. ಒಳಗೆ ಒಂದು ಹನಿ ಬೀಳ್ಲಿಲ್ಲ ಅಂದ್ರೆ ಸಮುದ್ರಕ್ಕೆ ಹೋಗೋಣ. ಬಿತ್ತೋ, ಗುಜರಿಯವರು ಅಲ್ಲೇ ನಿಂತಿರ್ತಾರೆ, ಎಳ್ಕೊಂಡು ಹೋಗ್ತಾರೆ."

"ಒಂದು ಗಂಟೆ ಯಾಕೆ ಕಣೆ, ಎರಡು ಗಂಟೆ ಬಿಡು. ಸೋರಿಕೆ ನನಗೆ ಹೊಸದಾ? ಇಪ್ಪತ್ತೆರಡು ವರ್ಷ."

"ಒಂದು ಸಾಕು," ಎಂದಳು ಅಕ್ಕ.

ಮಾರನೆಯ ದಿನವೇ ಕೆಲಸ ಶುರುವಾಯಿತು. ಕಿಟಕಿಯ ಗಾಜು ಕೂರುವ ಅಂಚಿಗೆ ಸುತ್ತಲೂ ರಬ್ಬರ್ ಪಟ್ಟಿ ಇರುತ್ತದೆ. ನಮ್ಮ ಗಾಡಿಯದು ಒಣಗಿ ಬಿರುಕು ಬಿಟ್ಟಿತ್ತು. ಒಣಗಿದ್ದಕ್ಕೆ ಎಣ್ಣೆ ಹಚ್ಚಬೇಕು ಎನ್ನುವುದು ಭಾವನ ತರ್ಕ. ಅಡುಗೆಮನೆಯ ಎಣ್ಣೆ ಡಬ್ಬಿ ತಂದು ನಾಲ್ಕೂ ಕಿಟಕಿಗೆ ಸಂಜೆಯವರೆಗೆ ತಿಕ್ಕಿದರು. ಬೆಳಗಾಗುವಷ್ಟರಲ್ಲಿ ಬೀದಿಯ ಇರುವೆಗಳೆಲ್ಲ ಗಾಡಿಯನ್ನು ಕೊಂಡುಕೊಂಡಂತೆ ಸಾಲುಗಟ್ಟಿ ಹತ್ತುತ್ತಿದ್ದವು. ರಬ್ಬರು ಊದಿಕೊಂಡು ಹಲ್ಲುನೋವು ಬಂದವನ ಕೆನ್ನೆಯಂತಾಗಿತ್ತು.

ಅದರ ಒಂದು ತುಂಡು ಕಿತ್ತುಕೊಂಡು ಇಬ್ಬರೂ ರಬ್ಬರ್ ಅಂಗಡಿಗೆ ಹೋದೆವು. ಅಂಗಡಿಯವರು ತುಂಡನ್ನು ಮೂಸಿ ನೋಡಿದರು.

"ಎಣ್ಣೆ ಹಚ್ಚಿದ್ರಾ? ರಬ್ಬರ್ ಏನು ನಿಮ್ಮ ತಲೆನಾ? ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಪೌಡರ್ ಹಾಕಿದ್ರೆ ಹತ್ತು ವರ್ಷ ಬಾಳೋದು. ಈಗ ಇದನ್ನ ಕಿತ್ತು ಹೊಸದು ಹಾಕಿ. ಮತ್ತೆ ಕಿಟಕಿ ಕೆಳಗಡೆ ಹೊರಗಿನಿಂದ ಒಂದು ವಿಷಯ ನೋಡ್ಕೊಳ್ಳಿ, ಅಲ್ಲಿ..."

"ನೋಡ್ಕೋತೀನಿ," ಎಂದರು ಭಾವ. "ನಾನು ನೀರು ಸರಬರಾಜು. ದೂರು ವಿಭಾಗ."

ಅಂಗಡಿಯವರು ತಲೆಯಿಂದ ಕಾಲಿನವರೆಗೆ ಅವರನ್ನು ನೋಡಿದರು. "ಓಹೋ, ನೀವೇನಾ ಅವರು?" ಎಂದು ಹೇಳಿ ರಬ್ಬರ್ ಪಟ್ಟಿ ಅಳೆದು ಕತ್ತರಿಸಿ ಕೊಟ್ಟರು. ಮುಂದೆ ಒಂದು ಮಾತೂ ಆಡಲಿಲ್ಲ. ಅವರ ಅಂಗಡಿಯ ಮುಂದೆ ಪೈಪು ಒಡೆದು ಎಂಟು ತಿಂಗಳಾಗಿತ್ತು.

ಹೊಸ ರಬ್ಬರನ್ನು ನಾನೇ ಕೂರಿಸಿದೆ. ಹಳೆಯ ಅಂಟು ಕೆರೆದು, ಸೋಪಿನ ನೀರಲ್ಲಿ ತೊಳೆದು, ಮೂಲೆಮೂಲೆಗೆ ಒತ್ತಿ ತುಂಬಿ, ಎರಡು ದಿನದ ಕೆಲಸ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಭಾವ ಗಾಡಿಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ ಬಂದು, ಕಳ್ಳನನ್ನು ಹಿಡಿದ ಪೊಲೀಸನಂತೆ ನನ್ನ ತೋಳು ಹಿಡಿದು ಎಳೆದರು.

"ಲೋ, ಬಾ ಇಲ್ಲಿ. ನೋಡು."

ಪ್ರತಿ ಕಿಟಕಿಯ ಚೌಕಟ್ಟಿನ ತಳದಲ್ಲಿ, ಹೊರಗಡೆ, ಬೇಳೆ ಕಾಳಿನಷ್ಟು ಗಾತ್ರದ ಎರಡೆರಡು ತೂತು. ನಾಲ್ಕು ಕಿಟಕಿಗೆ ಎಂಟು.

"ಗಾಡಿ ಮಾಡಿದ ಕಂಪನಿಯವರೇ ತೂತು ಕೊರೆದು ಕಳಿಸಿದ್ದಾರೆ. ಒಬ್ಬನಿಗಾದ್ರೂ ಕಂಡಿತಾ? ಈ ಕಣ್ಣಿಗೆ ಕಂಡಿತು."

"ಭಾವ, ಕಂಪನಿಯವರೇ ಕೊರೆದಿದ್ದಾರೆ ಅಂದ್ರೆ ಏನೋ ಕಾರಣ ಇರುತ್ತೆ."

"ಕಾರಣ ಇದೆ. ನಿರ್ಲಕ್ಷ್ಯ."

ಎಂಟು ತೂತಿಗೂ ಸಿಲಿಕಾನ್ ಅಂಟು ತುಂಬಿದರು. ಟ್ಯೂಬಿನಲ್ಲಿ ಇನ್ನೂ ಉಳಿದಿತ್ತು. ಗಾಜು ಸರಿಯುವ ಸಂದಿಗೂ ತುಂಬಿದರು. ಕಿಟಕಿಗಳು ಸರಿಯುವುದನ್ನು ನಿಲ್ಲಿಸಿದವು. ಇನ್ನೊಂದು ಟ್ಯೂಬು ತಂದು ಚಾವಣಿಯ ಗಾಳಿಕಿಂಡಿಯನ್ನು ಮುಚ್ಚಿದರು. ಒಂದು ಬಕೆಟ್ ನೀರು ಹೊಯ್ದು ನೋಡೋಣ ಎಂದರೆ ಕೇಳಲಿಲ್ಲ. "ಮುಚ್ಚಿರೋದು ಕಣ್ಣಿಗೆ ಕಾಣಿಸ್ತಿದೆಯಲ್ಲೋ. ನೀರು ಹೊಯ್ದು ನೋಡೋದು ನಂಬಿಕೆ ಇಲ್ಲದವರು."

ಶುಕ್ರವಾರ ಕಚೇರಿಯಲ್ಲಿ ಹತ್ತು ದಿನದ ರಜೆಗೆ ಅರ್ಜಿ ಕೊಟ್ಟರು. ಇಂಜಿನಿಯರು ಕಾರಣ ಕೇಳಿದಾಗ ಗಾಡಿಯ ಪ್ರತಾಪವನ್ನು ಅರ್ಧ ಗಂಟೆ ವರ್ಣಿಸಿ, ಪರೀಕ್ಷೆಗೆ ತಾವೂ ಬರಬೇಕು ಎಂದು ಆಹ್ವಾನ ಕೊಟ್ಟುಬಂದರು. ಇಂಜಿನಿಯರು ರಜೆ ಮಂಜೂರು ಮಾಡಿದರು. ಬರುತ್ತೇನೆ ಎಂದೂ ಹೇಳಿದರು. ಅವರ ಮನಸ್ಸಿನಲ್ಲಿ ಮುಂದಿನ ತಿಂಗಳು ಗಾಡಿಯನ್ನು ತಮ್ಮ ಕುಟುಂಬಕ್ಕೆ ಕೇಳುವ ಯೋಚನೆ ಇತ್ತು.

ಭಾನುವಾರ ಒಂಬತ್ತೂವರೆಗೇ ಬೀದಿ ತುಂಬಿತು. ಯಾರನ್ನೂ ಕರೆದಿರಲಿಲ್ಲ, ಯಾರೂ ತಪ್ಪಿಸಿಕೊಂಡಿರಲಿಲ್ಲ. ಈ ಬೀದಿಯ ಮನೆಗಳಲ್ಲಿ ಭಾವನ ಮೊಹರು ಬೀಳದ ಮನೆ ಒಂದೂ ಇಲ್ಲ. ಎಲ್ಲರೂ ತಮ್ಮ ತಮ್ಮ ನಲ್ಲಿಗೆ ಪೈಪು ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಗಾಡಿಯ ಕಡೆ ಹಿಡಿದು, ಯುದ್ಧಕ್ಕೆ ಬಂದವರಂತೆ ನಿಂತಿದ್ದರು. ಮಹಡಿ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ನೇರ ಬಂದು ಬಾಲ್ಕನಿಯಿಂದ ಪೈಪು ಇಳಿಬಿಟ್ಟಿದ್ದರು. ಮೇಷ್ಟ್ರು ಶಾಲೆಯ ಸೀಟಿ ಕೊರಳಿಗೆ ಹಾಕಿಕೊಂಡಿದ್ದರು. ಗುಜರಿಯವನು ಆಗಲೇ ಗಾಡಿಯ ಸುತ್ತ ಟೇಪು ಹಿಡಿದು ಉದ್ದಗಲ ಅಳೆಯುತ್ತಿದ್ದ.

ಹತ್ತು ಗಂಟೆಗೆ ಸರಿಯಾಗಿ ಮೇಷ್ಟ್ರು ಸೀಟಿ ಊದಿದರು. ಹನ್ನೆರಡು ನಲ್ಲಿಗಳು ಒಟ್ಟಿಗೆ ತೆರೆದವು. ಹನ್ನೆರಡು ಪೈಪುಗಳಿಂದ ನೀರು ನೂಲಿನ ಹಾಗೆ ಬಂದು ಅವರವರ ಕಾಲಿನ ಮೇಲೇ ಬಿತ್ತು.

"ಇದೇನ್ರೀ ಇದು?" ಎಂದು ಕೇಳಿದರು ಆಗಷ್ಟೇ ಕಾರಿನಿಂದ ಇಳಿದ ಇಂಜಿನಿಯರು.

"ದೊಡ್ಡ ಪೈಪು ಬೀದಿ ತುದೀಲಿ ಒಡೆದಿದೆ ಸಾರ್," ಎಂದರು ನರ್ಸಮ್ಮ ಮೇಲಿನಿಂದ. "ನೀರು ಅಲ್ಲೇ ಹೋಗುತ್ತೆ. ಏಳು ಸಲ ದೂರು ಕೊಟ್ಟಿದೀನಿ. ಏಳು ಸಲವೂ ಕಂಡುಬಂದಿಲ್ಲವಂತೆ."

ಭಾವ ಕನ್ನಡಕ ತೆಗೆದು ಒರೆಸಿದರು. ಇಂಜಿನಿಯರಿಗೆ ಮರ್ಯಾದೆಯ ಪ್ರಶ್ನೆ. ಫೋನ್ ತೆಗೆದು ಪಂಪ್‌ಹೌಸಿಗೆ ಹೇಳಿದರು: "ಈ ಬೀದಿಯ ವಾಲ್ವ್ ಪೂರ್ತಿ ತಿರುಗಿಸ್ರೀ. ಪೂರ್ತಿ ಅಂದ್ರೆ ಪೂರ್ತಿ."

ಎರಡು ನಿಮಿಷ ಆಯಿತು. ನೆಲದೊಳಗೆ ಎಲ್ಲೋ ಗುಡುಗಿದಂತಾಯಿತು. ಪೈಪುಗಳು ಮೊದಲು ಕೆಮ್ಮಿದವು, ಆಮೇಲೆ ಹೆಡೆ ಎತ್ತಿದವು. ಆರು ವರ್ಷದಲ್ಲಿ ಬೀದಿ ಇಂಥ ನೀರು ನೋಡಿರಲಿಲ್ಲ. ಮೇಷ್ಟ್ರು ಸೀಟಿ ಬಾಯಿಗಿಟ್ಟರು, ಆದರೆ ಊದಲಿಲ್ಲ. ಅವರ ಸುತ್ತ ಯಾರೂ ಇರಲಿಲ್ಲ. ಬೀದಿಗೆ ಬೀದಿಯೇ ಪೈಪು ಎಸೆದು ಒಳಗೆ ಓಡಿತ್ತು. ಡ್ರಮ್ಮು, ಕೊಡ, ಬಕೆಟ್ಟು, ಪಾತ್ರೆ, ಕೊನೆಗೆ ಒಂದು ಮನೆಯಲ್ಲಿ ಮಗುವಿನ ತೊಟ್ಟಿಲಿನಷ್ಟು ದೊಡ್ಡ ಡಬ್ಬ, ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿಕೊಂಡರು. ಮೇಷ್ಟ್ರೂ ಒಂದು ಕ್ಷಣ ತಡೆದು ನೋಡಿ, ಸೀಟಿ ಜೇಬಿಗೆ ಹಾಕಿಕೊಂಡು, "ಮನೇಲಿ ಎರಡು ಬಕೆಟ್ ಖಾಲಿ ಇದೆ" ಎಂದು ಹೇಳಿ ಓಡಿದರು. ಪರೀಕ್ಷೆ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು.

ಒಳಗೆ ಸಾಕ್ಷಿಗಳಾಗಿ ಕೂತವರು ನಾಲ್ವರು: ಭಾವ, ಅಕ್ಕ, ಇಂಜಿನಿಯರು, ನಾನು. ಕಿಟಕಿಗಳ ಕೆಳಗೆ ಹಳೇ ಪೇಪರು ಹಾಸಿತ್ತು. ಒಂದು ಹನಿ ಬಿದ್ದರೂ ಗೊತ್ತಾಗಬೇಕು. ಬಾಗಿಲು ಹಾಕಿದ ಕೂಡಲೇ ಹೊರಗಿನಿಂದ ಹನ್ನೆರಡು ಪೈಪಿನ ನೀರು ಗಾಡಿಗೆ ಅಪ್ಪಳಿಸಿತು. ಜಲಪಾತದ ಒಳಗೆ ಕೂತಂತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಐದು ನಿಮಿಷ ಆಯಿತು, ಹನಿ ಇಲ್ಲ. ಹತ್ತಾಯಿತು, ಇಲ್ಲ. ಭಾವ ಅಕ್ಕನ ಮುಖ ನೋಡಿದರು. ಅಕ್ಕ ಪೇಪರ್ ಮುಟ್ಟಿ ನೋಡಿದಳು, ಒಣಗಿಯೇ ಇತ್ತು. ಅವಳ ಮುಖದಲ್ಲೂ ಸಮುದ್ರದ ಆಸೆ ಸ್ವಲ್ಪ ಸುಳಿದದ್ದನ್ನು ನಾನು ನೋಡಿದೆ.

"ವರದಿ ಬರೆದೇ ಬಿಡ್ತೀನಿ ಸಾರ್," ಎಂದು ಕೂಗಿದರು ಭಾವ. "ಇನ್ನು ನಲವತ್ತೈದು ನಿಮಿಷದಲ್ಲಿ ಹೊಸದೇನೂ ಆಗೋದಿಲ್ಲ."

ಹಾಳೆ ತೆಗೆದು, ಜೇಬಿನಿಂದ ಮೊಹರು ತೆಗೆದು, ಬಾಯಲ್ಲಿ ಉಸಿರು ಊದಿ ಒತ್ತಿದರು. ಭಾನುವಾರವೂ ಅದು ಜೇಬಿನಲ್ಲೇ ಇರುತ್ತದೆ. ಅಷ್ಟರಲ್ಲಿ ನನಗೆ ಕಿಟಕಿಯ ಕಡೆ ಏನೋ ವಿಚಿತ್ರ ಕಂಡಿತು. ಗಾಜು ಕೂರುವ ಕೆಳಗಿನ ಹಳಿಯಲ್ಲಿ ನೀರು ನಿಂತಿತ್ತು. ನಿಂತದ್ದು ಏರುತ್ತಿತ್ತು. ಮೀನು ಸಾಕುವ ಗಾಜಿನ ತೊಟ್ಟಿಯಂತೆ ಅಂಚಿನವರೆಗೆ ಬಂತು, ಅಂಚಿನಲ್ಲಿ ಉಬ್ಬಿ ನಿಂತಿತು.

"ಭಾವ," ಎಂದೆ.

ನಾಲ್ಕೂ ಕಿಟಕಿಗಳು ಒಪ್ಪಂದ ಮಾಡಿಕೊಂಡಂತೆ ಒಂದೇ ಸಲ ಒಳಗೆ ಸುರಿದವು. ಮೊದಲನೆಯದು ಇಂಜಿನಿಯರ ಮಡಿಲಿಗೆ, ಎರಡನೆಯದು ಒಲೆಯ ಮೇಲೆ, ಮೂರನೆಯದೂ ನಾಲ್ಕನೆಯದೂ ಮಂಚಗಳ ಮೇಲೆ. ಇಂಜಿನಿಯರು ಎದ್ದು ಗಾಜು ಬಡಿದು ನೀರು ನಿಲ್ಲಿಸುವಂತೆ ಎರಡೂ ಕೈ ಬೀಸಿದರು. ಹೊರಗೆ ಮೇಷ್ಟ್ರು ಅದನ್ನು ಕಂಡು ಬೀದಿಗೆ ತಿರುಗಿ ಹೇಳಿದ್ದು ಆಮೇಲೆ ನಮಗೆ ತಿಳಿಯಿತು: "ಸಾಹೇಬರಿಗೆ ಇನ್ನೂ ಬೇಕಂತೆ. ಹತ್ತಿರ ಬನ್ನಿ, ಹತ್ತಿರ ಬನ್ನಿ." ಪೈಪುಗಳು ಹತ್ತಿರ ಬಂದವು. ಇಂಜಿನಿಯರು ಕಿಟಕಿ ಸರಿಸಲು ನೋಡಿದರು, ಅಂಟಿಕೊಂಡಿತ್ತು. ಬಾಗಿಲು ತೆಗೆದರು, ಅಲ್ಲಿಗೆ ಗುರಿ ಹಿಡಿದಿದ್ದ ನರ್ಸಮ್ಮನ ಪೈಪು ಅವರನ್ನು ಮರಳಿ ಮಂಚಕ್ಕೆ ಕೂರಿಸಿತು.

"ಏನ್ರೀ ಇದು?" ಇಂಜಿನಿಯರ ಬಾಯಲ್ಲಿ ನೀರು.

"ಮೇಲ್ನೋಟಕ್ಕೆ ಏನೂ ಇಲ್ಲ ಸಾರ್," ಎಂದರು ಭಾವ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ವರದಿಯ ಹಾಳೆ ಮುಂದೆ ಹಿಡಿದರು. ಇಂಜಿನಿಯರ ಕೈ ಪಾಪ ಏನು ಮಾಡೀತು? ಭಾವ ಹಾಳೆ ಹಿಡಿದರೆ ಸಹಿ ಹಾಕಿ ಅದಕ್ಕೆ ಅಭ್ಯಾಸ. ಹಾಕಿತು.

ಅಕ್ಕ ಈ ಇಬ್ಬರನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಹಳಿಗೆ ಬೆರಳು ಹಾಕಿ ತಡಕುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು.

"ರೀ, ಇಲ್ಲಿ ತೂತು ಇದೆಯಲ್ಲ, ಯಾಕೆ ಮುಚ್ಚಿದ್ರಿ?"

"ಅದರಲ್ಲೇ ಕಣೆ ನೀರು ಒಳಗೆ ಬರ್ತಿದ್ದದ್ದು."

"ಅದು ನೀರು ಹೊರಗೆ ಹೋಗೋ ದಾರಿ."

ಅಕ್ಕನ ಹತ್ತಿರ ಯಾವತ್ತೂ ಒಂದು ಸೂಜಿ ಇರುತ್ತದೆ, ಸೆರಗಿನ ತುದಿಯಲ್ಲಿ. ಗೋಣಿಚೀಲ ಹೊಲಿಯುವಷ್ಟು ದಪ್ಪದ್ದು. ತೆಗೆದು ತೂತಿಗೆ ಚುಚ್ಚಿ ತಳ್ಳಿದಳು. ಸಿಲಿಕಾನಿನ ಬಿರಡೆ ಹೊರಗೆ ಹಾರಿತು, ಅದರ ಹಿಂದೆಯೇ ನೀರು ಪಿಚಕಾರಿಯಂತೆ ಚಿಮ್ಮಿತು. ಸರಿಯಾಗಿ ಅದೇ ಜಾಗದಲ್ಲಿ ಬಗ್ಗಿ ಚಕ್ರದ ತೂಕ ಅಂದಾಜು ಮಾಡುತ್ತಿದ್ದ ಗುಜರಿಯವನು ಕಿವಿ ಹಿಡಿದುಕೊಂಡು ನೆಟ್ಟಗಾದ. ಅಕ್ಕ ಎರಡನೆಯದು ಚುಚ್ಚಿದಳು, ಮೂರನೆಯದು, ನಾಲ್ಕನೆಯದು. ಎಂಟೂ ತೆರೆದಾಗ ಹಳಿಗಳು ಬರಿದಾದವು. ಒಳಗೆ ಸುರಿಯುವುದು ನಿಂತಿತು. ಹೊರಗೆ ಮೇಷ್ಟ್ರ ಗಡಿಯಾರದ ಪ್ರಕಾರ ಇನ್ನೂ ಮೂವತ್ತೆಂಟು ನಿಮಿಷ ಪೈಪುಗಳು ಮೊರೆದವು. ಅಕ್ಕ ಹೊಸದಾಗಿ ಹಾಸಿದ ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ.

ಕೊನೆಯ ಸೀಟಿ ಆದ ಮೇಲೆ ನಾವು ನಾಲ್ವರೂ ಇಳಿದೆವು. ಇಂಜಿನಿಯರ ಪ್ಯಾಂಟಿನಿಂದ ಹೊಳೆ ಹರಿಯುತ್ತಿತ್ತು. ಮೇಷ್ಟ್ರು ಭಾವನ ಕೈಯಿಂದ ವರದಿ ತೆಗೆದುಕೊಂಡು ತರಗತಿಗೆ ಪಾಠ ಓದುವ ದನಿಯಲ್ಲಿ ಓದಿದರು.

"ಪರಿಶೀಲಿಸಲಾಗಿ, ಸೋರಿಕೆ ಕಂಡುಬಂದಿಲ್ಲ. ಸಹಿ, ಗುಮಾಸ್ತರು. ಸಹಿ, ಇಂಜಿನಿಯರು." ಹಾಳೆಯನ್ನು ಹಿಂಡಿದರು. ನೀರು ಇಳಿಯಿತು.

ಆಮೇಲೆ ನರ್ಸಮ್ಮ ಬಾಲ್ಕನಿಯಿಂದ ತಣ್ಣಗೆ ಹೇಳಿದರು: "ಈಗ ಗೊತ್ತಾಯ್ತು ಬಿಡಿ. ನನ್ನ ಏಳೂ ಹೀಗೇ ಆಗಿದ್ದು."

"ನಮ್ಮದು ಹನ್ನೊಂದು," ಎಂದಿತು ಇನ್ನೊಂದು ಮನೆ. "ನಮ್ಮ ಗೋಡೆ ಮೇಲೆ ಅಣಬೆ ಬೆಳೆದಿದೆ, ಫೋಟೋ ಕೂಡ ಕಳಿಸಿದ್ದೆ," ಎಂದಿತು ಮತ್ತೊಂದು. ಪೈಪುಗಳು ಇನ್ನೂ ಕೈಯಲ್ಲೇ ಇದ್ದವು, ನೀರು ಇನ್ನೂ ಜೋರಾಗಿಯೇ ಇತ್ತು. ಹನ್ನೆರಡರ ತುದಿಯೂ ನಿಧಾನವಾಗಿ ಇಂಜಿನಿಯರ ಕಡೆ ತಿರುಗುತ್ತಿತ್ತು. ಅವರು ಬುದ್ಧಿವಂತರು.

"ನೋಡಿ, ಒಂದು ನಿಮಿಷ," ಎಂದರು. "ನಾಳೆಯಿಂದ ಇವರ ರಜೆ ರದ್ದು. ಇವರೇ ಖುದ್ದಾಗಿ ಮನೆಮನೆಗೆ ಬಂದು, ಬಗ್ಗಿ, ಕಣ್ಣಾರೆ ನೋಡಿ ಬರೀತಾರೆ. ಮೊಹರು ಇವತ್ತೇ ನನ್ನ ಕೈಗೆ."

ಭಾವ ಮೊಹರು ಕೊಟ್ಟರು. ಆಗ ಅವರ ಮುಖ ಎಣ್ಣೆ ಕುಡಿದ ರಬ್ಬರಿನಂತಿತ್ತು. ರಜೆ ಹೋಯಿತು, ಇನ್ನು ಗಾಡಿ. ಗುಜರಿಯವನು ಕಿವಿ ಒರೆಸಿಕೊಂಡು ಮುಂದೆ ಬಂದ.

"ಅಕ್ಕೋರೇ, ಹನಿ ಬಿತ್ತಲ್ಲ. ಹನಿ ಏನು, ಬಕೆಟ್ಟೇ ಬಿತ್ತು. ಮಾತು ಮಾತೇ. ಹಗ್ಗ ಕಟ್ಲಾ?"

ಭಾವ ಅಕ್ಕನನ್ನು ನೋಡಿದರು. ಬೀದಿಯೂ ನೋಡಿತು.

"ಮಾತು ಮಾತೇ," ಎಂದಳು ಅಕ್ಕ. "ಷರತ್ತು ಹಾಕಿದ್ದು ಇವರ ರಿಪೇರಿಗೆ. ಇವರ ರಿಪೇರೀಲಿ ನೀರು ಬಿತ್ತು, ಇವರು ಸೋತ್ರು, ಇವರ ಗಾಡಿ ಹೋಯ್ತು. ಆಮೇಲೆ ರಿಪೇರಿ ಮಾಡಿದ್ದು ನಾನು. ನನ್ನದ್ರಲ್ಲಿ ಒಂದು ಹನಿ ಬಿತ್ತಾ ಮೇಷ್ಟ್ರೇ?"

"ಇಲ್ಲಮ್ಮ. ಮೂವತ್ತೆಂಟು ನಿಮಿಷ."

"ಹಾಗಾದ್ರೆ ಗೆದ್ದಿದ್ದು ನಾನು. ಗಾಡಿ ನಂದು. ನೀವು ಬೇಕಿದ್ರೆ ಹಳೇ ರಬ್ಬರ್ ತಗೊಂಡು ಹೋಗಿ, ಹಿತ್ತಲಲ್ಲಿದೆ. ಇರುವೆ ಕೊಡವಿಕೊಳ್ಳಿ."

ಗುಜರಿಯವನಿಗೆ ಈ ತರ್ಕದಲ್ಲಿ ಎಲ್ಲಿ ತೂತಿದೆ ಎಂದು ಹುಡುಕಲಾಗಲಿಲ್ಲ. ರಬ್ಬರ್ ತೆಗೆದುಕೊಂಡು ಹೋದ.

ಆ ಸಂಜೆಯೇ ನಾನು ಬ್ಲೇಡಿನಲ್ಲಿ ಅಂಟನ್ನೆಲ್ಲ ಕೊಯ್ದು ಕಿಟಕಿಗಳನ್ನು ಬಿಡಿಸಿದೆ. ಅಕ್ಕ ಹಾಸಿಗೆ ಒಣಗಿಸಿದಳು, ರಬ್ಬರ್ ಒರೆಸಿ ಪೌಡರ್ ಹಚ್ಚಿದಳು, ಎಂಟು ತೂತಿಗೂ ಇನ್ನೊಮ್ಮೆ ಸೂಜಿ ಆಡಿಸಿದಳು. ಭಾವ ಪಕ್ಕದಲ್ಲಿ ನಿಂತು ಸಲಹೆ ಕೊಡುತ್ತಿದ್ದರು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಆರಕ್ಕೆ ಹೊರಟೆವು: ಅಕ್ಕ, ಹತ್ತು ದಿನ ರಜೆ ಉಳಿಸಿಕೊಂಡಿದ್ದ ನರ್ಸಮ್ಮ, ಮತ್ತು ಓಡಿಸಲು ನಾನು. ಭಾವ ಟಾರ್ಚು, ನಲ್ಲಿ ತಿರುಪುವ ಪಾನಾ, ದೂರಿನ ಕಟ್ಟು ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಪಕ್ಕದಲ್ಲಿ ಮೇಷ್ಟ್ರು, ಮೊದಲ ಮನೆ ತಮ್ಮದೇ ಆಗಬೇಕು ಎಂದು ಕಾವಲು. ಗಾಡಿ ಬೀದಿ ದಾಟಿತು, ಪಟ್ಟಣ ದಾಟಿತು, ಹೆದ್ದಾರಿ ಹಿಡಿಯಿತು. ಮಳೆ ಬಂತು, ಜೋರಾಗಿಯೇ ಬಂತು. ಅಕ್ಕ ಹಿಂದೆ ಹೋಗಿ ನಾಲ್ಕೂ ಕಿಟಕಿಯ ಅಂಚಿಗೆ ಅಂಗೈ ಇಟ್ಟು ನೋಡಿ ಬಂದು, ನರ್ಸಮ್ಮನಿಗೆ ಒಣ ಅಂಗೈ ತೋರಿಸಿದಳು. ಇಬ್ಬರೂ ಶಾಲೆಗೆ ಚಕ್ಕರ್ ಹೊಡೆದ ಹುಡುಗಿಯರ ಹಾಗೆ ನಗತೊಡಗಿದರು.

ಎಂಟು ಗಂಟೆಗೆ ಭಾವನ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು.

"ಕಂಡಿತು ಕಣೆ." ಅಷ್ಟು ಸಂತೋಷದ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. "ಮೇಷ್ಟ್ರ ಅಡುಗೆಮನೇಲಿ, ತೊಟ್ಟಿ ಕೆಳಗೆ, ಮಂಡಿಯೂರಿ ನೋಡಿದೆ. ಸೋರುತ್ತೆ. ನಿಜವಾಗ್ಲೂ ಸೋರುತ್ತೆ. ಒಂದು ಹನಿ ಬೀಳುತ್ತೆ, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಇಪ್ಪತ್ತೆರಡು ವರ್ಷ ಇದನ್ನ ನಾನು ನೋಡೇ ಇರಲಿಲ್ಲವಲ್ಲೇ. ಎಷ್ಟು ಚೆನ್ನಾಗಿ ಸೋರುತ್ತೆ ಅಂತೀಯ."

"ಒಳ್ಳೇದಾಯ್ತು," ಎಂದಳು ಅಕ್ಕ. "ನೋಡಿ ಬರ್ಕೊಂಡ್ರಿ ತಾನೆ? ಕೈ ಏನೂ ಹಾಕಿಲ್ಲವಲ್ಲ?"

ಆ ಕಡೆ ಏನೋ ಲೋಹದ್ದು ನೆಲಕ್ಕೆ ಬಿದ್ದ ಸದ್ದು, ದೊಡ್ಡದಾಗಿ ನೀರು ನುಗ್ಗುವ ಸದ್ದು, ಅದರ ಮೇಲೆ ಮೇಷ್ಟ್ರ ಸೀಟಿ, ಬಿಡದೆ.

ನಾನು ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಲ್ಲಿಸ್ಬೇಡ," ಎಂದಳು ಅಕ್ಕ, ಫೋನು ಆರಿಸಿ. "ಇನ್ನೂ ಸ್ವಲ್ಪ ಜೋರಾಗಿ ಹೊಡಿ."